ನೀರಿನ ಕೆಳಗಿನ ಕಣ

ಹೋದ ತಿಂಗಳು ಬಾಗಲಕೋಟಿ ನವನಗರದಾಗ ಗೆಳೆಯರು ಒಂದು ಸಂಜಿ ಮಾತಾಡಾಕ ಕರೆದಿದ್ರು. ವಿಷಯ ನಿಮಗ ಬಿಟ್ಟದ್ದು, ಒಂದು ತಾಸು ಮಾತಾಡ್ರಿ ಸಾಕು ಅಂದ್ರು. ನಾ ಗಾಳದ ಬಗ್ಗೆ ಮಾತಾಡ್ದೆ. ಅವತ್ತ ಬರಾಕ ಆಗದವ್ರು ಬರದು ಕಳಸ್ರಿ ಅಂತ ಬೆನ್ನ ಹತ್ತಿದ್ರು, ಅದಕ್ಕ ಮೊಬೈಲ್‌ದಾಗ ರೆಕಾರ್ಡ್ ಆಗಿದ್ದನ್ನ ಕೇಳ್ಕೋತ ಕುಂತು ಬರದೀನಿ. ಮಾತಿನ್ಯಾಗ ಬಿಟ್ಟುಹೋದ ಒಂದೆರಡು ಸಂಗತಿ ಸೇರ್ಸೀನಿ, ಉಳಿದದ್ದೆಲ್ಲಾ ಆಡಿದಂಗ ಐತಿ.

ನಮಸ್ಕಾರ್ರೀ ಎಲ್ಲಾರಿಗೂ.

ಇಲ್ಲಿ ಕುಂತವ್ರಾಗ ಅರ್ಧ ಮಂದಿ ಮೀನ ತಿನ್ನೂದಿಲ್ಲ ಅನ್ನೂದು ನಂಗ ಗೊತ್ತೈತಿ, ಇವತ್ತ ಸಾರಿನ ಮಾತು ಆಡೂದಿಲ್ಲ. ನಾ ಹೇಳೂದು ನಮ್ಮ ಆಲಮಟ್ಟಿ ಡ್ಯಾಮಿನ ಹಿನ್ನೀರಿನ ಮಾತು. ನಾವು ದಿನಾ ಅದನ್ನ ನೋಡ್ತೀವಿ, ಬಸ್ಸಿನ ಕಿಡಕಿಯಿಂದ ನೋಡ್ತೀವಿ, ಸೇತುವಿ ಮ್ಯಾಲೆ ಗಾಡಿ ನಿಲ್ಲಿಸಿ ಫೋಟೋ ಹೊಡಿತೀವಿ, ಆದ್ರ ಅದರ ಕೆಳಗ ಏನೈತಿ ಅಂತ ವಿಚಾರ ಮಾಡಿದವ್ರು ಕಡಿಮಿ. ನಾನೂ ಮಾಡಿರ್ಲಿಲ್ಲ. ಗಾಳ ಹಿಡದ ಮ್ಯಾಲೆ ಮಾಡಬೇಕಾತು. ಏಳು ವರ್ಷಾತು ನಾ ಘಟಪ್ರಭಾ ಕಡಿ ಹಿನ್ನೀರಿನ ದಂಡಿಗೆ ಹೋಗಾಕ ಹತ್ತಿ, ಅದರಾಗ ಮೊದಲಿನ ನಾಕು ವರ್ಷ ಒಂದ ಒಂದು ದೊಡ್ಡ ಗೆಂಡಿನೂ ದಂಡಿಗೆ ತರಾಕ ಆಗ್ಲಿಲ್ಲ. ನಾಕು ವರ್ಷ ಅಂದ್ರ ಸುಮ್ನ ಅಲ್ರಿ. ಎಷ್ಟ ಭಾನುವಾರ, ಎಷ್ಟ ರಾತ್ರಿ, ಮನಿಯಾಗ ಎಷ್ಟ ಮಾತು.

ಮೊದಲ ಮೀನಿನ ಬಗ್ಗೆ ಸ್ವಲ್ಪ ಹೇಳಿಬಿಡ್ತೀನಿ. ನಮ್ಮ ನೀರಿನಾಗ ಗೆಂಡಿ ಜಾತಿಯವು ಮುಖ್ಯ ನಾಕು ಅದಾವ, ಕಾಟ್ಲಾ, ರೋಹು, ಮೃಗಾಲ, ಮತ್ತ ಸಾಮಾನ್ಯ ಗೆಂಡೆ ಅಂತಾರಲ್ಲ ಅದು. ಮೊದಲಿನ ಮೂರೂ ಗಂಗಾ ಬಯಲಿನ ಕಡಿ ಮೀನ, ನಮ್ಮ ಕೃಷ್ಣಾದಾಗ ಹುಟ್ಟಿದವಲ್ಲ, ಮನುಷ್ಯಾರು ತಂದು ಬಿಟ್ಟವು. ಇವು ನಿಂತ ನೀರಿನಾಗ ತತ್ತಿ ಇಡೂದಿಲ್ಲ, ಮಳಿಗಾಲದ ಹರಿಯೂ ನೀರೇ ಬೇಕು, ಅದಕ್ಕ ಮೊದಲೆಲ್ಲಾ ಮರಿ ಬೇಕಂದ್ರ ಹೊಳ್ಯಾಗ ಹಿಡದು ತರಬೇಕಿತ್ತು. 1957ರ ಜುಲೈ 10ಕ್ಕ ಒಡಿಶಾದಾಗ ಹೀರಾಲಾಲ್ ಚೌಧುರಿ ಅನ್ನೂ ವಿಜ್ಞಾನಿ ಮೀನಿನ ಪಿಟ್ಯುಟರಿ ಗ್ರಂಥಿ ರಸ ಚುಚ್ಚಿ ತತ್ತಿ ಇಡಿಸಿದ್ರು, ಈಗೂ ಜುಲೈ 10ನ್ನ ದೇಶದಾಗ ಮೀನು ಕೃಷಿಕರ ದಿನ ಅಂತ ಮಾಡ್ತಾರ. ಅದೊಂದು ಆಗದಿದ್ರ ನಮ್ಮ ಕೆರಿ, ಡ್ಯಾಮಿಗೆ ಇಷ್ಟು ಮರಿ ತಂದು ಬಿಡಾಕ ಆಗ್ತಿರ್ಲಿಲ್ಲ. ಸಾಮಾನ್ಯ ಗೆಂಡೆ ಇನ್ನೂ ದೂರದ್ದು, ಹೊರದೇಶದ್ದು, 1939ರಾಗ ಶ್ರೀಲಂಕಾದಿಂದ ಊಟಿಗೆ ಒಂದು ತಳಿ ಬಂತು, ಆಮ್ಯಾಲೆ 1957ರಾಗ ಬ್ಯಾಂಕಾಕ್ ಕಡಿಂದ ಇನ್ನೊಂದು ತಳಿ ಬಂತು. ಇದು ಮಾತ್ರ ನಿಂತ ನೀರಿನಾಗೂ ಜೊಂಡು ಕಸಕ್ಕ ತತ್ತಿ ಅಂಟಿಸ್ತೈತಿ.

ಇವುಗಳ ಬಾಯಿ ನೋಡಿದ್ರ ಸಾಕು, ಎಲ್ಲಿ ಮೇಯ್ತಾವ ತಿಳಿತೈತಿ. ಕಾಟ್ಲಾದ ಬಾಯಿ ಮ್ಯಾಲಕ್ಕ ತಿರುಗಿರ್ತೈತಿ, ಅದು ಮ್ಯಾಲಿನ ನೀರಿನಾಗ ಕಣ್ಣಿಗೆ ಕಾಣದಂಥ ಸಣ್ಣ ಹುಳ ಸೋಸಿ ತಿಂತೈತಿ. ರೋಹು ನಡುವಿನ ನೀರಿನ್ಯಾಗ. ಮೃಗಾಲದ ಬಾಯಿ ಕೆಳಗ, ತಳದ ಕೆಸರಿನ್ಯಾಗ. ಸಾಮಾನ್ಯ ಗೆಂಡೆಗೆ ತುಟಿ ಪಕ್ಕ ಎರಡು ಜೋಡಿ ಮೀಸಿ ಅದಾವ, ಆ ಮೀಸಿಯಿಂದನ ರುಚಿ ನೋಡ್ತೈತಿ, ತಳ ಕೆದರಿ ಕೆದರಿ ತಿಂತೈತಿ, ನಮ್ಮ ಹಂದಿ ಹೊಲಾ ಕೆದರಿದಂಗ. ಇದಕ್ಕ ದವಡಿಯಾಗ ಹಲ್ಲಿಲ್ಲ, ಗಂಟಲದಾಗ ಹಲ್ಲು ಅದಾವ, ಅಲ್ಲಿ ಬಸವನಹುಳದ ಚಿಪ್ಪು ಸೈತ ಪುಡಿ ಮಾಡ್ತೈತಿ. ಬಾಯಿಗೆ ಬಂದದ್ದನ್ನ ಒಮ್ಮೆ ಎಳ್ಕೊಂಡು, ಬ್ಯಾಡಾದ್ರ ಉಫ್ ಅಂತ ಊದಿಬಿಡ್ತೈತಿ. ಇದನ್ನ ನೆನಪಿಟ್ಕೊಳ್ರಿ, ಆಮ್ಯಾಲೆ ಬೇಕಾಗ್ತೈತಿ, ನನ್ನ ನಾಕು ವರ್ಷ ಕಳದದ್ದು ಈ ಉಫ್ ಅನ್ನೂದರಾಗ.

ಇನ್ನ ನಮ್ಮ ನೀರು.

ಕೆರಿಯಾಗ ಗಾಳ ಹಾಕಿದವ್ರು ಯಾರರ ಇಲ್ಲಿದ್ರ ಅವ್ರಿಗೆ ಗೊತ್ತು, ಕೆರಿಗೆ ಒಂದು ದಂಡಿ ಇರ್ತೈತಿ, ಒಂದು ಆಳ ಇರ್ತೈತಿ, ಒಂದು ವರ್ಷ ಕುಂತ್ರ ಯಾವ ಮೂಲ್ಯಾಗ ಮೀನ ಬರ್ತಾವ ಅಂತ ಒಂದು ಅಂದಾಜು ಸಿಗ್ತೈತಿ. ಆಲಮಟ್ಟಿ ಹಿನ್ನೀರು ಹಂಗಲ್ಲ. 1964ರಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವ್ರು ಅಡಿಗಲ್ಲು ಹಾಕಿದ ಡ್ಯಾಮು ಅದು, ಪೂರಾ ತುಂಬಿದ್ರ 519.6 ಮೀಟರ್, 123 ಟಿಎಂಸಿ ನೀರು, 26 ಗೇಟು. ಈ ಅಂಕಿ ನಾವು ಪೇಪರಿನ್ಯಾಗ ಮಳಿಗಾಲದಾಗ ದಿನಾ ಓದ್ತೀವಿ. ಗಾಳ ಹಾಕೂ ಮನುಷ್ಯಾಗ ಈ ಅಂಕಿಯ ಅರ್ಥ ಬ್ಯಾರೇನ ಐತಿ. ಮಹಾರಾಷ್ಟ್ರದ ಘಟ್ಟದಾಗ ಮಳಿ ಆದ್ರ ಜುಲೈ ಆಗಸ್ಟ್‌ದಾಗ ಇಲ್ಲಿ ಒಂದು ಹಗಲೂ ಸೂರ್ಯಾ ಮುಚ್ಚದಿದ್ರೂ ನೀರು ಏರ್ತೈತಿ, ನಿನ್ನೆ ನೀವು ಚೀಲಾ ಇಟ್ಟ ಜಾಗಾ ಇವತ್ತ ನೀರಿನ್ಯಾಗ. ಚಳಿಗಾಲ ಮುಗಿಯೂತನಾ ಕಾಲುವಿಗೆ ಬಿಟ್ಟು, ಕರೆಂಟಿಗೆ ಬಿಟ್ಟು ನೀರು ಇಳಕೋತ ಹೊಂಟಿರ್ತೈತಿ, ಅಕ್ಟೋಬರ್‌ದಾಗ ಎದಿಮಟ ನೀರಿದ್ದ ಜಾಗಾದಾಗ ಫೆಬ್ರವರಿಗೆ ರೈತ ಬೆಳಿ ತಗದಿರ್ತಾನ. ಹಿಂಗಾಗಿ ಜಾಗಾ ಅನ್ನೂದು ಒಂದು ಕಡಿ ನಿಲ್ಲಂಗಿಲ್ಲ. ದಂಡಿನ ನಡಕೋತ ಹೋಗ್ತೈತಿ, ಒಂದೊಂದು ಕಡಿ ಅರ್ಧ ಕಿಲೋಮೀಟರ್ ಮ್ಯಾಲೆ ಹೋಗ್ತೈತಿ, ಮೀನಾನೂ ಅದರ ಜೋಡಿ ಹೋಗ್ತಾವ. ರಾತ್ರೋ ರಾತ್ರಿ ನೀರು ಒಂದು ಗೇಣು ಇಳಿದ್ರ ಸಾಕು, ದಂಡಿ ಕಡಿ ಮೇಯಾಕ ಬಂದ ಗೆಂಡಿ ಎಲ್ಲಾ ಆಳಕ್ಕ ಹೋಗಿಬಿಡ್ತಾವ, ನೀವು ಮುಂಜಾನೆ ಹೋಗಿ ಕುಂತ್ರ ಸಂಜಿತನಕ ಗಾಳದ ದಾರಕ್ಕ ಕಟ್ಟಿ ತೇಲಿಬಿಟ್ಟ ಬೆಂಡು ಮಿಸುಕಂಗಿಲ್ಲ.

ನೀರು ಏರಿ ಇಳಿಯೂದು ಒಂದು ತ್ರಾಸ, ಎರಡನೇದು ಎರಿಮಣ್ಣು. ಈ ನೀರಿನ ಕೆಳಗ ಇರೂದು ನಮ್ಮವ್ರ ಎರಿಹೊಲಾ. ಎರಿಮಣ್ಣು ಹಸಿ ಆದ್ರ ಹೆಂಗ ಆಗ್ತೈತಿ ಅಂತ ನಿಮಗ ನಾ ಹೇಳಬೇಕಿಲ್ಲ, ಮಳಿ ಆದ ಮರುದಿನ ಹೊಲಕ್ಕ ಹೋದ್ರ ಕಾಲಿಗೆ ಎರಡೆರಡು ಕಿಲೋ ಮೆತ್ತಿಕೊಂತೈತಿ. ಇಪ್ಪತ್ತು ವರ್ಷದ ಮ್ಯಾಲೆ ನೀರಿನ ಕೆಳಗ ಇದ್ದ ಎರಿಮಣ್ಣು ಅಂದ್ರ ಮೊಸರಿದ್ದಂಗ. ಸೀಸದ ಗುಂಡು ಹೋಗಿ ಬಿತ್ತು ಅಂದ್ರ ಗುಂಡು, ಗಾಳ, ಕಣಕದ ಉಂಡಿ ಎಲ್ಲಾ ಅದರಾಗ ಮುಳುಗಿ ಹೋಗ್ತಾವ. ಮೀನ ಮ್ಯಾಲಿಂದ ಹಾದು ಹೋಗ್ತೈತಿ, ಅದಕ್ಕ ನಿಮ್ಮ ಉಂಡಿ ಕಾಣೂದೂ ಇಲ್ಲ, ವಾಸನಿನೂ ಬರಂಗಿಲ್ಲ. ನಾ ಎರಡು ವರ್ಷ ಹಂಗ ಕುಂತಿದ್ದೆ, ಕೆಸರಿನ್ಯಾಗ ಹುಗಿದ ಉಂಡಿ ಕಾಯ್ಕೋತ.

ಮೂರನೇದು ಜಾಲಿ. ನೀರು ಬರೂಕಿಂತ ಮುಂಚೆ ಕಡಿಯದ ಉಳಿದ ಗಿಡ, ಬದುವಿನ ಕಲ್ಲು, ಬಾವಿ, ಮುರಿದ ಗ್ವಾಡಿ. ಮೀನ ಗಾಳಕ್ಕ ಬಿದ್ದ ಕೂಡ್ಲೇ ಅಲ್ಲಿಗೇ ಓಡ್ತೈತಿ. ಮತ್ತ ನಾಕನೇದು ತಿಲಾಪಿಯಾ, ಕೆಲವ್ರು ಜಿಲೇಬಿ ಅಂತಾರ. ಕಣಕದ ಉಂಡಿ ನೀರಿಗೆ ಬೀಳೂದಕ್ಕ ಕಾಯ್ತಾ ಇರ್ತಾವ, ಅಂಗೈ ಅಷ್ಟ ಮೀನ, ಟಕಟಕ ಟಕಟಕ ಕುಕ್ಕಿ ಎರಡು ನಿಮಿಷದಾಗ ಗಾಳ ಬೋಳ ಮಾಡ್ತಾವ. ಬೆಂಡು ಕುಣಿತೈತಿ, ನೀವು ಎಳಿತೀರಿ, ಏನೂ ಇಲ್ಲ. ಮತ್ತ ಉಂಡಿ, ಮತ್ತ ಹಾಕೂದು, ಮತ್ತ ಏನೂ ಇಲ್ಲ. ಒಂದು ದಿನದಾಗ ಅರ್ಧ ಕಿಲೋ ಕಣಕ ಹಿಂಗ ಹೋಗ್ತೈತಿ.

ಆದ್ರೂ ಯಾಕ ಹೋಗ್ತಿದ್ದೆ ಅಂತ ಕೇಳ್ತೀರಿ. ಹೇಳ್ತೀನಿ.

ಮುಂಜಾನೆ ಐದೂವರಿ, ನೀರಿನ ಮ್ಯಾಲೆ ಗಾಳಿ ಇರಂಗಿಲ್ಲ, ಆಚೆ ದಂಡಿ ಊರಿನ ಗುಡಿಯ ಧ್ವನಿವರ್ಧಕದಾಗ ವಚನ ಹಚ್ಚಿರ್ತಾರ, ಚಳಿಗಾಲದಾಗಾದ್ರ ಪಟ್ಟೆತಲೆ ಹೆಬ್ಬಾತು ಹಿಂಡು ಹಿಂಡಾಗಿ ಕಡ್ಲಿ ಹೊಲದ ಕಡಿ ಹೋಗ್ತಿರ್ತಾವ. ಆಗ ನಿಮ್ಮ ಮುಂದ ಹತ್ತು ಮಾರು ದೂರದಾಗ ನೀರಿನ ಮ್ಯಾಲೆ ಗುಳ್ಳಿ ಏಳಾಕ ಸುರು ಆಗ್ತಾವ. ಮೊದಲ ಎರಡು, ಆಮ್ಯಾಲೆ ಹತ್ತು, ಆಮ್ಯಾಲೆ ಸೋಡಾ ಬಾಟ್ಲಿ ಬಿಚ್ಚಿದಂಗ ಒಂದು ತಟ್ಟಿ ಅಗಲ ನೊರಿನೊರಿ. ಅದು ಗೆಂಡಿ ಕೆಳಗ ಮೂತಿ ಹಾಕಿ ಕೆಸರು ಕೆದರಾಕ ಹತ್ತೈತಿ, ಕೆಸರಿನ್ಯಾಗಿನ ಗ್ಯಾಸ್ ಮ್ಯಾಲೆ ಬರಾಕ ಹತ್ತೈತಿ. ಆ ಗುಳ್ಳಿ ಸಾಲು ನಿಧಾನಕ್ಕ ನಿಮ್ಮ ಬೆಂಡಿನ ಕಡಿ ಬರ್ತೈತಿ. ಎರಡು ಮಾರು. ಒಂದು ಮಾರು. ಉಸಿರು ಹಿಡಿತೀರಿ. ಬೆಂಡಿನ ಸುತ್ತಲೂ ಗುಳ್ಳಿ ಏಳ್ತಾವ, ಬೆಂಡು ಒಂದು ಸಲ ನಡುಗ್ತೈತಿ, ನಿಂದರ್ತೈತಿ. ಆಮ್ಯಾಲೆ ಗುಳ್ಳಿ ಆ ಕಡಿ ದಾಟಿ ಹೋಗಿಬಿಡ್ತಾವ.

ಈ ಐದು ನಿಮಿಷಕ್ಕ ನಾ ನಾಕು ವರ್ಷ ಹೋಗೀನಿ. ಮೀನ ಇಲ್ಲಂತ ಗೊತ್ತಿದ್ರ ಬಿಟ್ಟು ಬರಬಹುದಿತ್ತು, ಅಲ್ಲೇ ಐತಿ, ನನ್ನ ಗಾಳದ ಮಗ್ಗಲದಾಗ ಐತಿ, ನಂದು ಬಿಟ್ಟು ಉಳಿದದ್ದೆಲ್ಲಾ ತಿಂದು ಹೋಗ್ತೈತಿ.

ಬೆಂಡಿನ ಬಗ್ಗೆ ಎರಡು ಮಾತು. ಅಂಗಡಿಯಾಗ ಪ್ಲಾಸ್ಟಿಕ್ಕಿನವು ಸಿಗ್ತಾವ, ನಾ ಈಗೂ ಜೋಳದ ದಂಟಿನ ಬೆಂಡ ಹಾಕ್ತೀನಿ. ಒಣಗಿದ ದಂಟಿನ ಸಿಪ್ಪಿ ಸುಲಿದ್ರ ಒಳಗ ಬೆಳ್ಳಗ, ಹಗುರ, ಸಣ್ಣಂದಿರು ಗಾಡಿ ಎತ್ತು ಮಾಡಿ ಆಡ್ತಿದ್ವಲ್ಲ ಅದು. ಬೆರಳುದ್ದ ಕತ್ತರಿಸಿ, ಎರಡೂ ಕಡಿ ದಾರ ಸುತ್ತಿ, ತುದಿಗೆ ಉಗುರಬಣ್ಣ ಹಚ್ಚಿ ಕೆಂಪ ಮಾಡ್ಕೋತೀನಿ. ಅರ್ಧ ದಿನದಾಗ ನೀರು ಕುಡದು ಭಾರ ಆಗ್ತೈತಿ, ಕಿಸೆದಾಗ ಇನ್ನೊಂದು ಇರ್ತೈತಿ. ತಿಲಾಪಿಯಾ ಕುಕ್ಕಿದ್ರ ಇದು ಕುಣಿತೈತಿ. ಗೆಂಡಿ ತಳದಾಗಿನ ಉಂಡಿ ಎತ್ತಿ ತಲಿ ಮ್ಯಾಲ ಮಾಡ್ತಂದ್ರ ಸೀಸದ ಭಾರ ತಪ್ಪಿ ಬೆಂಡು ಮುಳುಗೂದು ಬಿಟ್ಟು ಮ್ಯಾಲ ಏಳ್ತೈತಿ, ಎದ್ದು ಅಡ್ಡ ಮಲಗ್ತೈತಿ. ಹೊಸಬ್ರು ಇದನ್ನ ನೋಡಿ ಏನೋ ಸಡಿಲಾತು ಅಂತ ಸುಮ್ಮನ ಕುಂದರ್ತಾರ. ಅದ ಹೊತ್ತು ಎಳಿಯೂ ಹೊತ್ತು.

ಮೂರನೇ ವರ್ಷ ನವೆಂಬರ್‌ದಾಗ ಬೆಂಡು ಹಿಂಗ ಅಡ್ಡ ಮಲಗ್ತು. ಎಳದೆ. ಭಾರ. ಮೊದಲ ಕಲ್ಲಿಗೆ ಸಿಕ್ಕೈತಿ ಅನಿಸ್ತು, ಆಮ್ಯಾಲೆ ಆ ಕಲ್ಲು ನಡಿಯಾಕ ಹತ್ತಿತು. ಅವಸರ ಇಲ್ಲ ಅದಕ್ಕ, ಎಮ್ಮಿ ಕೆರಿಗೆ ಇಳದಂಗ ಆಳದ ಕಡಿ ಸೀದಾ ಹೊಂಟಿತು, ರೀಲು ಕಿರ್ರ್ ಅಂತ ಬಿಚ್ಕೋತ ಹೊಂಟಿತು, ರಾಡ್ ಬಾಗಿ ತುದಿ ನೀರಿಗೆ ಹತ್ತೈತಿ, ನನ್ನ ಕೈ ತೊಡಿ ಎರಡೂ ನಡುಗಾಕ ಹತ್ತ್ಯಾವ. ಹತ್ತು ನಿಮಿಷ ಇತ್ತೋ ಎರಡು ನಿಮಿಷ ಇತ್ತೋ ಇವತ್ತಿಗೂ ಹೇಳಾಕ ಆಗಂಗಿಲ್ಲ. ಒಂದು ಜಾಗಾಕ್ಕ ಹೋಗಿ ನಿಂತಿತು. ಒಂದು ಸಲ ಬಗ್ಗಿ ತಿರುಗಿತು, ದಾರ ಸಡಿಲಾತು. ಸುತ್ತಿ ತಗದು ನೋಡಿದ್ರ ತುದಿ ಬ್ಲೇಡಿನಿಂದ ಕೊಯ್ದಂಗ ಸಾಫ್ ಐತಿ. ಜಾಲಿ ಮುಳ್ಳಿಗೆ ಸಿಕ್ರ ದಾರ ತರಚಿ ಗೀರು ಬೀಳ್ತೈತಿ, ಇದು ಹಂಗಲ್ಲ, ಕಲ್ಲಿನ ಅಂಚಿಗೆ ತಿಕ್ಕಿ ಹರಿದದ್ದು. ಆ ಮುಂಜಾನೆ ನಾ ದಂಡಿ ಮ್ಯಾಲೆ ಕುಂತು ಅತ್ತೀನಿ, ಖರೇ ಹೇಳ್ತೀನಿ. ಮರುವರ್ಷ ಅದ ದಿಕ್ಕಿನ್ಯಾಗ ಇನ್ನೊಂದು ಹಂಗ ಹೋತು, ಅದ ಸಾಫ್ ತುದಿ.

ಆ ಹೊತ್ತಿನ್ಯಾಗ ಕಾಕಾ ಸಿಕ್ಕ್ರು. ಹೆಸರು ಹೇಳಬ್ಯಾಡ ಅಂದಾರ, ಹೇಳೂದಿಲ್ಲ. ಎಪ್ಪತ್ತು ದಾಟ್ಯಾರ. ಎಮ್ಮಿ ಮೇಯಸಾಕ ದಂಡಿಗೆ ಬರ್ತಿದ್ರು, ಒಂದು ವಾರ ದೂರದಿಂದ ನೋಡ್ಯಾರ, ಆಮ್ಯಾಲೆ ಬಂದು ಮಗ್ಗಲಕ್ಕ ಕುಂತ್ರು.

"ಯಾವ ಊರು ತಮ್ಮಾ?"

"ಇಲ್ಲೇ ಬಾಗಲಕೋಟಿರೀ ಕಾಕಾ."

"ದಿನಾ ಅಲ್ಲೇ ಯಾಕ ಒಗಿತಿ? ಅಲ್ಲಿ ದೊಡ್ಡಪ್ಪನ ಹೊಲ. ಕರಿ ಎರಿ. ನಾವು ಬಿತ್ತಾಕ ಹೋದ್ರ ಎತ್ತು ಮೊಳಕಾಲ ಮಟ ಹುಗಿತಿದ್ವು, ನಿನ್ನ ಗುಂಡು ನಿಂದರ್ತೈತೇನ?"

ನಾ ಸುಮ್ಮನ ಅವ್ರ ಮಾರಿ ನೋಡ್ದೆ. ಅವ್ರು ಕಟ್ಟಿಗಿ ತೊಗೊಂಡು ಹಸಿ ಮಣ್ಣಿನ್ಯಾಗ ಗೀರು ಹಾಕಿದ್ರು. ಇಲ್ಲಿ ಬಂಡಿದಾರಿ ಇತ್ತು. ಇಲ್ಲಿ ಬೇವಿನಗಿಡ. ಇಲ್ಲಿಂದ ಹಿಂಗ ಬಂದ್ರ ನಮ್ಮ ಕಣ. ಆಚೆ ದಂಡಿ ಗುಡಿ ಶಿಖರ ಕಾಣ್ತೈತಲ್ಲ, ಈಚೆ ಆ ಕರೆಂಟಿನ ಕಂಬ, ಎರಡೂ ಒಂದ ಸಾಲಿಗೆ ಬಂದ್ರ ಕಣದ ನಡುವಿನ ಮೇಟಿ ಅಲ್ಲಿ ನಿಂದ್ರಸ್ತಿದ್ವಿ ಅಂದ್ರು.

ಕಣ ಅಂದ್ರ ಈಗಿನ ಹುಡುಗ್ರಿಗೆ ಗೊತ್ತಿರಲಿಕ್ಕಿಲ್ಲ. ರಾಶಿ ಮಾಡಾಕ ನೆಲಾ ಕೆತ್ತಿ, ನೀರು ಹೊಡದು, ಬಡದು ಬಡದು ಗಟ್ಟಿ ಮಾಡಿ, ಸಗಣಿ ಸಾರಿಸಿ, ಮ್ಯಾಲೆ ಎತ್ತು ಹಂತಿ ಹೊಡಿತಿದ್ರು. ವರ್ಷಾ ವರ್ಷಾ ಅದ ಜಾಗಾ, ತಲೆಮಾರಿನಿಂದ. ಸುತ್ತ ಹೊಲಾ ಎಲ್ಲಾ ಮೊಸರಾದ್ರೂ ಆ ನೆಲಾ ಗಟ್ಟಿ ಇರ್ತೈತಿ ಅನ್ನೂದು ಕಾಕಾರ ಮಾತು. ಅಷ್ಟ ಅಲ್ಲ, ಕಾಳು ಬಿದ್ದ ನೆಲಾ ಅದು, ಅದರ ಅಂಚಿಗೆ ಹೊಟ್ಟಿನ ಗುಂಪಿ ಹಾಕ್ತಿದ್ವಿ ಅಂದ್ರು. ಹೊಟ್ಟು ಎಂದೋ ಕೊಳತು ಹೋಗಿರ್ತೈತಿ, ಅದು ಬ್ಯಾರೆ ಮಾತು, ಆದ್ರ ಗಟ್ಟಿ ನೆಲಾ ನಂಗ ಬೇಕಾಗಿತ್ತು.

ಆ ವರ್ಷ ಬ್ಯಾಸಿಗಿಗೆ ನೀರು ಭಾಳ ಇಳಿತು. ಏಪ್ರಿಲ್ ಕೊನಿಗೆ ನಾ ಮತ್ತ ಕಾಕಾ ಮುಂಜಾನೆ ಏಳಕ್ಕ ಒಳಗ ನಡದ್ವಿ. ಒಣಗಿದ ಎರಿ, ಬಿರುಕು ಎಷ್ಟಂದ್ರ ಕೈ ಇಳಿತೈತಿ, ಒಳಗ ಸತ್ತ ಕಪ್ಪಿಚಿಪ್ಪು, ಹರಕ ಬಲೆ, ಯಾರದೋ ಗಾಳದ ಗುಂಡು. ಕಾಕಾ ಮಾತಾಡ್ಲಿಲ್ಲ. ಒಂದು ಕಡಿ ನಿಂತ್ರು, ಚಪ್ಪಲ ಬಿಟ್ರು, ಹಿಮ್ಮಡದಿಂದ ನೆಲಾ ಕುಟ್ಟಿದ್ರು. ಸುತ್ತಮುತ್ತ ಧಪ್ ಅಂತಿದ್ದ ನೆಲಾ ಅಲ್ಲಿ ಟಣ್ ಅಂತು. ಮ್ಯಾಲೆ ಬರೇ ನಾಕು ಬೆರಳು ಹೂಳು, ನಾ ಕೈಯಿಂದ ಬಳದೆ, ಕೆಳಗ ಸಿಮೆಂಟಿನಂಗ ಗಟ್ಟಿ ಬಿಳಿ ಮಣ್ಣು. ಸುಮಾರು ನಲವತ್ತು ಹೆಜ್ಜಿ ಅಗಲ, ಗೋಲಾಕಾರ. ಅದರ ಅಂಚಿಗೆ ಗುಣಿ ಗುಣಿ ಬಿದ್ದಿದ್ವು, ಡಬ್ಬಿ ಮುಚ್ಚಳದಷ್ಟ ಅಗಲದವು, ಹತ್ತಾರು. ಅದು ಗೆಂಡಿ ಕೆದರಿದ ಗುರುತು. ನನ್ನ ಮೈ ಝುಮ್ ಅಂತು. ನಾ ಕಾಣದ ನೀರಿನ್ಯಾಗ ನಾಕು ವರ್ಷ ಹುಡುಕಿದ್ದು, ಊಟದ ತಾಟಿನಂಗ ಎದುರಿಗೆ ಬಿದ್ದಿತ್ತು.

ಕಾಕಾ ಅಲ್ಲೇ ಕುಂತ್ರು. ಅರ್ಧ ತಾಸು ಕುಂತ್ರು. ನಮ್ಮವ್ವ ಇಲ್ಲಿ ಕಾಳು ತೂರ್ತಿದ್ಲು ಅಂದ್ರು. ಮತ್ತೇನೂ ಹೇಳ್ಲಿಲ್ಲ.

ಅವತ್ತ ಮೊಬೈಲ್‌ದಾಗ ಮ್ಯಾಪಿನ ಗುರುತು ಹಾಕ್ಕೊಂಡೆ, ಹೆಜ್ಜಿ ಎಣಿಸಿದೆ, ಗುಡಿ ಶಿಖರ ಮತ್ತ ಕಂಬದ ಸಾಲು ಇನ್ನೊಮ್ಮೆ ನೋಡ್ಕೊಂಡೆ. ಜಾಲಿ ಬೊಡ್ಡಿ ಎಲ್ಲೆಲ್ಲಿ ಅದಾವ ವಹಿಯಾಗ ಬರಕೊಂಡೆ. ಆದ್ರ ಕಣದ ಪಡುವಣ ಕಡಿ ಇಳಿಜಾರಿಗೆ ಹೋಗಾಕ ಆಗ್ಲಿಲ್ಲ, ಅಲ್ಲಿ ಬ್ಯಾಸಿಗಿಗೂ ನೀರು ಸರಿಯಂಗಿಲ್ಲ, ಹೊಳಿಯ ಹಳೇ ಪಾತ್ರದ ಮಗ್ಗಲದ ಜಾಗಾ ಅದು. ನನ್ನ ಎರಡೂ ಮೀನ ಹೋದದ್ದು ಆ ಕಡಿಗೇನ.

ಇನ್ನ ಆ ಉಫ್ ಅನ್ನೂ ಮಾತು. ಗಟ್ಟಿ ನೆಲಾ ಸಿಕ್ತು, ಆದ್ರ ಮೀನ ಉಂಡಿ ಎಳ್ಕೊಂಡು ಗಾಳದ ಕಬ್ಬಿಣ ತುಟಿಗೆ ತಾಗಿದ ಕೂಡ್ಲೇ ಊದಿಬಿಟ್ರ ಏನ್ ಮಾಡೂದು? ಇಂಗ್ಲೆಂಡ್‌ದಾಗ ಈ ಗೆಂಡಿಗೆ ಹುಚ್ಚು ಹಿಡದ ಮಂದಿ ಭಾಳ ಅದಾರ. ಅವ್ರು ತಿನ್ನಂಗಿಲ್ಲ, ಹಿಡದು ತೂಗಿ ಹೊಳ್ಳಿ ಬಿಡ್ತಾರ. ಅಲ್ಲಿ ಒಂದು ಕಾಲಕ್ಕ ದೊಡ್ಡ ಗೆಂಡಿ ಗಾಳಕ್ಕ ಬೀಳೂದ ಇಲ್ಲ ಅಂತ ಕೈಬಿಟ್ಟಿದ್ರು. ಹಿಯರ್‌ಫೋರ್ಡ್‌ಷೈರ್ ಕಡಿ ರೆಡ್‌ಮೈರ್ ಅಂತ ಸಣ್ಣ ಕೆರಿ, ಸುಮಾರು ಮೂರು ಎಕರೆ, ನಮ್ಮ ಒಂದು ಹೊಲದಷ್ಟ. ಅಲ್ಲಿ 1952ರ ಸೆಪ್ಟೆಂಬರ್ 13ಕ್ಕ ರಿಚರ್ಡ್ ವಾಕರ್ ಅನ್ನಾವ 44 ಪೌಂಡಿನ, ಅಂದ್ರ ಹತ್ರ ಹತ್ರ 20 ಕಿಲೋದ ಗೆಂಡಿ ಹಿಡದ. ಅದನ್ನ ಲಂಡನ್ ಝೂಗೆ ಕೊಟ್ಟ್ರು, ಅಲ್ಲಿ ಅದು ಎಷ್ಟೋ ವರ್ಷ ಬದುಕಿತು, ಮಂದಿ ಹೋಗಿ ನೋಡಿದ್ರು. ಆಗದು ಅಂದಿದ್ದು ಆಗ್ತೈತಿ ಅಂತ ಆ ಒಂದು ಮೀನಿನಿಂದ ಅಲ್ಲಿನ ಮಂದಿಗೆ ಧೈರ್ಯ ಬಂತು.

ಆಮ್ಯಾಲೆ 1980ರ ಸುಮಾರಿಗೆ ಲೆನ್ನಿ ಮಿಡ್ಲ್‌ಟನ್, ಕೆವಿನ್ ಮ್ಯಾಡಕ್ಸ್ ಅಂತ ಇಬ್ಬರು, ತೊಟ್ಟಿಯಾಗಿನ ಗೆಂಡಿ ಹೆಂಗ ತಿಂತಾವ ಅಂತ ಕುಂತು ನೋಡಿದ್ರು. ಬಿಡಿ ಕಾಳು ಆರಾಮ ತಿಂತಾವ, ಗಾಳ ಚುಚ್ಚಿದ ಕಾಳು ಊದಿಬಿಡ್ತಾವ. ಅದಕ್ಕ ಅವ್ರು ಕಾಳನ್ನ ಗಾಳಕ್ಕ ಚುಚ್ಚೂದ ಬಿಟ್ರು. ಗಾಳದ ಬೆನ್ನಿಗೆ ಒಂದು ತಲಿಗೂದಲು ಕಟ್ಟಿ, ಆ ಕೂದಲಿಗೆ ಕಾಳು ಪೋಣಿಸಿದ್ರು. ಗಾಳ ಬರಿಗೈಲೆ ಮಗ್ಗಲದಾಗ. ಮೀನ ಕಾಳು ಅಂತ ಎಳ್ಕೊಂತೈತಿ, ಜೋಡಿ ಗಾಳನೂ ಹೋಗ್ತೈತಿ, ಊದಾಕ ಹೋದಾಗ ಕಾಳು ಹೊರಗ ಬರ್ತೈತಿ, ಗಾಳದ ಮೊನಿ ತಿರುಗಿ ಕೆಳತುಟಿಗೆ ನಡ್ತೈತಿ. ಅದಕ್ಕ ಹೇರ್ ರಿಗ್ ಅಂತಾರ. ಈಗ ಕೂದಲಿಲ್ಲ, ಸಣ್ಣ ದಾರ.

ನಾ ಇದಕ್ಕ ಗೋವಿನಜೋಳ ಹಾಕ್ತೀನಿ. ಇಡೀ ರಾತ್ರಿ ನೆನಸಿ, ಕುಕ್ಕರಿನ್ಯಾಗ ಕುದಿಸಿ, ಅದ ನೀರಿನ್ಯಾಗ ಎರಡು ದಿನ ಬಿಟ್ಟ್ರ ಹುಳಿ ವಾಸನಿ ಬರ್ತೈತಿ, ಅಂಟಂಟ ಆಗ್ತೈತಿ. ಹಸಿ ಒಣ ಕಾಳು ನೀರಿಗೆ ಹಾಕಬ್ಯಾಡ್ರಿ, ಮೀನಿನ ಹೊಟ್ಟಿಯಾಗ ಉಬ್ಬಿ ಅದಕ್ಕ ತ್ರಾಸ ಆಗ್ತೈತಿ. ಎರಡು ಕಾಳು ಸೂಜಿಯಿಂದ ದಾರಕ್ಕ ಪೋಣಿಸಿ, ಕೆಳಗ ಜಾರಬಾರದು ಅಂತ ಒಂದು ಕಸಬರಿಗಿ ಕಡ್ಡಿ ಚೂರು ಅಡ್ಡ ಸಿಗಿಸೂದು. ಗಟ್ಟಿ ಕಾಳಿಗೆ ತಿಲಾಪಿಯಾ ಕುಕ್ಕಿ ಕುಕ್ಕಿ ಬ್ಯಾಸತ್ತು ಹೋಗ್ತಾವ. ಜೋಡಿ ಶೇಂಗಾಹಿಂಡಿ, ಜೋಳದ ಹಿಟ್ಟು, ನುಚ್ಚು ಕಲಸಿ ನಿಂಬಿಕಾಯಷ್ಟ ಉಂಡಿ ಮಾಡಿ ಕಣದ ಮ್ಯಾಲೆ ಏಳೆಂಟು ಒಗಿತೀನಿ, ಜಾಸ್ತಿ ಬ್ಯಾಡ, ಹೊಟ್ಟಿ ತುಂಬಿದ್ರ ನಿಮ್ಮ ಕಾಳು ಯಾಕ ತಿಂತಾವ.

ಮತ್ತೊಂದು, ಸದ್ದು. ಗೆಂಡಿ ಜಾತಿ ಮೀನಿಗೆ ಈಜುಚೀಲದಿಂದ ಒಳಕಿವಿತನಕ ಸಣ್ಣ ಸಣ್ಣ ಎಲುಬಿನ ಸಾಲು ಐತಿ, ಚೀಲಕ್ಕ ತಾಗಿದ ಸದ್ದು ಸೀದಾ ಕಿವಿಗೆ ಹೋಗ್ತೈತಿ. ದಂಡಿ ಮ್ಯಾಲೆ ಬೈಕಿನ ಸ್ಟ್ಯಾಂಡ್ ಧಡ್ ಅಂತ ಹಾಕಿದ್ರ ಅದಕ್ಕ ಗೊತ್ತಾಗ್ತೈತಿ. ನಾ ಗಾಡಿ ದೂರ ನಿಲ್ಲಿಸಿ ಬರಿಗಾಲಿಲೆ ಹೋಗ್ತೀನಿ.

ಅಕ್ಟೋಬರ್ ಕೊನಿ ವಾರ. ಕಣದ ಮ್ಯಾಲೆ ಈಗ ಎರಡಾಳು ನೀರು. ಮೂರು ಮುಂಜಾನೆ ಏನೂ ಆಗ್ಲಿಲ್ಲ. ನಾಕನೇ ಮುಂಜಾನೆ ಆರೂ ಹತ್ತಕ್ಕ ಗುಳ್ಳಿ ಎದ್ದ್ವು, ಶಿಖರ ಕಂಬದ ಸಾಲಿಗೆ ಬರಾಬರಿ, ಕಣದ ಮ್ಯಾಲೆ. ಈ ಸಲ ಬೆಂಡು ಅಡ್ಡ ಮಲಗಾಕ ಟೈಮ್ ಇರ್ಲಿಲ್ಲ, ಒಮ್ಮೆ ಎದ್ದಂಗ ಮಾಡಿ ಮಾಯ ಆತು. ನಾ ಎಳಿಯೂಕಿಂತ ಮುಂಚೆ ರೀಲು ಸುತ್ತಾಕ ಹತ್ತಿತ್ತು. ಕಾಕಾ ಎದ್ದು ನಿಂತು "ಪಡುವಣಕ್ಕ ಬಿಡಬ್ಯಾಡ, ಪಡುವಣಕ್ಕ ಬಿಡಬ್ಯಾಡ" ಅಂತ ಒದರಾಕ ಹತ್ತಿದ್ರು. ನಾ ದಂಡಿ ಗುಂಟ ಮೂಡಣ ಕಡಿ ಓಡಿದೆ, ಅದರ ತಲಿ ನನ್ನ ಕಡಿ ತಿರುಗಲಿ ಅಂತ, ಮೊಳಕಾಲ ಮಟ ನೀರಿನ್ಯಾಗ, ಕೆಸರಿನ್ಯಾಗ ಒಂದು ಕಾಲು ಹುಗಿದು ಮತ್ತ ಕಿತ್ಕೊಂಡು. ಮೂರು ಸಲ ಆಳಕ್ಕ ಓಡಿತು, ಮೂರು ಸಲ ಹೊಳ್ಳಿಸಿದೆ. ಆಮ್ಯಾಲೆ ಮ್ಯಾಲೆ ಬಂತು. ಹಳದಿ ಹಿತ್ತಾಳಿ ಬಣ್ಣ, ಒಂದೊಂದು ಹಳಕು ಹಳೇ ರೂಪಾಯಿ ನಾಣ್ಯದಷ್ಟ. ಬಾಯಿ ತಗದು ಗಾಳಿ ಎಳಕೊಂತು, ಆಗ ಬಲಾ ಹೋತು ಅದಕ್ಕ. ಕಾಕಾ ಕೈಬಲೆ ಹಿಡದು ನೀರಿಗೆ ಇಳದಿದ್ರು, ಧೋತರ ಎಲ್ಲಾ ಹಸಿ.

ಸಾಮಾನ್ಯ ಗೆಂಡೆ. ಸ್ಪ್ರಿಂಗ್ ತಕ್ಕಡಿಯಾಗ 9 ಕಿಲೋ 200 ಗ್ರಾಂ. ದುನಿಯಾದಾಗ ಇದಕ್ಕಿಂತ ದೊಡ್ಡವು ಬೇಕಾದಷ್ಟ ಸಿಕ್ಕಿರ್ತಾವ, ಇದ ನೀರಿನ್ಯಾಗ ನಮ್ಮ ಮೀನಗಾರರ ಬಲೆಗೆ ಇದರಪ್ಪನಂಥವು ಬೀಳ್ತಾವ, ಅವ್ರಿಗೆ ಅದು ಹೊಟ್ಟಿಪಾಡು, ಅವ್ರ ಕಸುಬಿನ ಮುಂದ ನಂದು ಏನೂ ಅಲ್ಲ. ಆದ್ರ ಆ ಮುಂಜಾನೆ ನನಗ ಬ್ಯಾರೆ ಏನೂ ಬೇಕಾಗಿರ್ಲಿಲ್ಲ. ಕಾಕಾ ಅದರ ಬೆನ್ನ ಮ್ಯಾಲೆ ಕೈ ಇಟ್ರು. "ನಮ್ಮ ಕಣದಾಗ ಮೇಯ್ದದ್ದು" ಅಂದ್ರು. ಹೊಳ್ಳಿ ಬಿಟ್ವಿ. ಬಿಡೂದು ಅವ್ರ ಮಾತು, ನಂದಲ್ಲ.

ಆಮ್ಯಾಲಿಂದ ಮೂರು ವರ್ಷದಾಗ ಆ ಕಣದ ಮ್ಯಾಲೆ ಹನ್ನೊಂದು ಗೆಂಡಿ ಸಿಕ್ಕಾವ. ಸಿಗದ ದಿನ ಈಗೂ ಹೆಚ್ಚು. ನೀರು ಒಂದು ಗೇಣು ಇಳಿದ ದಿನ ಈಗೂ ಬರಿಗೈಲೆ ಬರ್ತೀನಿ, ಮೂಡಗಾಳಿ ಎರಡು ದಿನ ಬಿಟ್ಟೂ ಬಿಡದ ಬೀಸಿದ್ರ ಈಗೂ ಸಿಟ್ಟು ಬರ್ತೈತಿ. ಪಡುವಣ ಇಳಿಜಾರಿಗೆ ಇನ್ನೂ ಎರಡು ದೊಡ್ಡ ಮೀನ ಕಳಕೊಂಡೀನಿ, ಅದ ಸಾಫ್ ತುದಿ. ಅಲ್ಲಿ ಏನೈತಿ ಅಂತ ಕಾಕಾಗೂ ನೆನಪಿಲ್ಲ, ಆ ಹೊಲಾ ಬ್ಯಾರೆ ಮನೆತನದ್ದು, ಅವ್ರು ಊರು ಬಿಟ್ಟು ಎಲ್ಲಿ ಹೋದ್ರೋ ಗೊತ್ತಿಲ್ಲ ಅಂದ್ರು.

ಕೈ ಮುಗದು ಒಂದು ಮಾತು ಕೇಳ್ಕೋತೀನಿ. ಹರಿದ ನೈಲಾನ್ ದಾರ ದಂಡಿಗೆ ಒಗದು ಬರಬ್ಯಾಡ್ರಿ. ಹೋದ ವರ್ಷ ಒಂದು ಬೆಳ್ಳಕ್ಕಿ ಕಾಲಿಗೆ ಸುತ್ತಿಕೊಂಡು ಜಾಲಿಗೆ ಜೋತು ಬಿದ್ದಿತ್ತು, ನಾ ಹೋಗೂದರಾಗ ಸತ್ತಿತ್ತು. ಮತ್ತ ಸಣ್ಣ ಹುಡುಗ್ರನ್ನ ಒಬ್ಬರನ್ನ ಬಿಡಬ್ಯಾಡ್ರಿ, ಒಣಗಿದಂಗ ಕಾಣೂ ಎರಿ ಒಳಗ ಹಸಿ ಇರ್ತೈತಿ, ಸೊಂಟದ ಮಟ ಹುಗಿದ್ರ ತಾವ ಬರಾಕ ಆಗಂಗಿಲ್ಲ.

ಇಷ್ಟಕ್ಕ ಮಾತು ನಿಲ್ಲಿಸಿದ್ದೆ. ಪ್ರಶ್ನೆ ಕೇಳ್ರಿ ಅಂದಾಗ ಕಾಲೇಜಿನ ಒಬ್ಬ ಹುಡುಗ ರಾಡ್ ಎಷ್ಟಕ್ಕ ಸಿಗ್ತೈತಿ ಸರ್ ಅಂತ ಕೇಳಿದ. ಮೊದಲ ಬಿದಿರಕೋಲಿನಿಂದ ಸುರು ಮಾಡು, ಜೋಳದ ಬೆಂಡು ಕಟ್ಟಾಕ ಕಲಿ, ರಾಡ್ ಆಮ್ಯಾಲೆ ಅಂದೆ. ಇನ್ನೊಬ್ರು ಮಳಿಗಾಲದಾಗ ಗಾಳ ಹಾಕಬಹುದೇನು ಅಂದ್ರು. ಹೊಸ ನೀರಿಗೆ ಮೀನ ತತ್ತಿಗೆ ಬಂದಿರ್ತಾವ, ಆಗ ನಾ ಹೋಗಂಗಿಲ್ಲ ಅಂದೆ.

ಎಲ್ಲಾರೂ ಚಹಾಕ್ಕ ಎದ್ದ ಮ್ಯಾಲೆ ಹಿಂದಿನ ಸಾಲಿನಿಂದ ಒಬ್ರು ವಯಸ್ಸಾದ ತಾಯಿ ನಿಧಾನಕ್ಕ ನನ್ನ ಕಡಿ ಬಂದ್ರು. ಇಳಕಲ್ ಸೀರಿ, ಕೈಯಾಗ ಕಟ್ಟಿಗಿ. ಮಗನ ಜೋಡಿ ಸುಮ್ನ ಬಂದಿದ್ರಂತ, ಗಾಳ ಮೀನ ಅವ್ರಿಗೆ ಏನೂ ಸಂಬಂಧಿಲ್ಲ.

"ತಮ್ಮಾ, ಗುಡಿ ಶಿಖರ ಅಂದೆಲ್ಲ, ಅದು ಯಾವ ದೇವರ ಗುಡಿ?"

ಮೆಲ್ಲಗ ಅವ್ರ ಕಿವಿಯಾಗ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನ ನಿಂತ್ರು. ಆಮ್ಯಾಲೆ ಕಟ್ಟಿಗಿಲೆ ನೆಲದ ಮ್ಯಾಲೆ ಗೀರು ಹಾಕಿದಂಗ ಮಾಡಿದ್ರು, ಕಾಕಾ ಮಾಡಿದಂಗನ. "ಕಣದ ಪಡುವಣಕ್ಕ ನಮ್ಮ ತ್ವಾಟ ಇತ್ತು. ತ್ವಾಟದ ಬಾವಿ. ನೀರು ಎತ್ತೂ ಗಾಲಿ ಕುಂದರಸಾಕ ಎರಡು ಕಲ್ಲಿನ ಕಂಬ ನಿಲ್ಲಿಸಿದ್ರು ನಮ್ಮ ಮಾವನವ್ರು. ನೀರು ಬಂದಾಗ ಯಾರೂ ಕೆಡವ್ಲಿಲ್ಲ. ಅವು ಇನ್ನೂ ನಿಂತಿರ್ತಾವ."

ಎರಡು ಕಂಬದ ನಡುವ ಎಷ್ಟ ಜಾಗಾ ಇತ್ತುರೀ ಅವ್ವಾ ಅಂತ ಕೇಳಿದೆ. ಅವ್ರು ಎರಡೂ ಕೈ ಅಗಲ ಮಾಡಿ ತೋರಿಸಿದ್ರು. ನಾ ಚಹಾದ ಕಪ್ಪು ಕೆಳಗಿಟ್ಟು ವಹಿ ತಗದೆ.